ಇಬ್ಬರದೂ ಒಂದೇ ತಪ್ಪು

ತಮ್ಮಾ, ಮೈಸೂರಿನಿಂದ ನಿನ್ನ ಅಣ್ಣನ ಆಶೀರ್ವಾದ.

ಸೆಕ್ಯೂರಿಟಿ ಸೂಪರ್‌ವೈಸರ್ ಕೆಲಸಕ್ಕೆ ಪರೀಕ್ಷೆ ಬರೆದೆನಲ್ಲ, ಅದರ ಫಲಿತಾಂಶ ತಡೆಹಿಡಿದಿದ್ದಾರೆ. ಪಕ್ಕದಲ್ಲಿ ಕೂತಿದ್ದ ನಮ್ಮೂರ ನಂಜುಂಡಸ್ವಾಮಿಯೂ ನಾನೂ ಕಾಪಿ ಹೊಡೆದಿದ್ದೇವಂತೆ! ಹಾಗಂದದ್ದು ಮನುಷ್ಯರಲ್ಲ, ಕಂಪ್ಯೂಟರ್. ಬನ್ನಿಮಂಟಪದ ಆಫೀಸಿನಲ್ಲಿ ಪರೀಕ್ಷೆ ನಡೆಸಿದ ಅನುಪಮಾ ಮೇಡಂ ಪರದೆ ತೋರಿಸಿದರು. ಪರೀಕ್ಷೆ ಬರೆದವರೆಲ್ಲ ಒಂದೊಂದು ಚುಕ್ಕಿ, ಉತ್ತರ ಹೋಲುವವರು ಹತ್ತಿರ ಹತ್ತಿರ. ಮಿಕ್ಕವರೆಲ್ಲ ಒಂದು ಕಡೆ ಗುಂಪಾಗಿದ್ದರೆ ನಾವಿಬ್ಬರೇ ದೂರದ ಮೂಲೆಯಲ್ಲಿ ಅಂಟಿಕೊಂಡು ನಿಂತಿದ್ದೆವು.

"ಸರಿಯುತ್ತರ ಒಂದೇ ಆಗಿದ್ರೆ ಪರವಾಗಿಲ್ಲ. ಆದ್ರೆ ಭಾಗಾಕಾರದಲ್ಲೆಲ್ಲ ನಿಮ್ಮಿಬ್ರದೂ ಒಂದೇ ತಪ್ಪು, ಬೇರೆ ಯಾರೂ ಮಾಡದ ತಪ್ಪು. ಅದು ತಾನಾಗೇ ಆಗೋದು ಲಕ್ಷಕ್ಕೊಂದು ಸಲ ಅನ್ನುತ್ತೆ ಲೆಕ್ಕ," ಎಂದರು.

"ಕಾಪಿ ಹೊಡ್ಯೋನಾಗಿದ್ರೆ ಆ ದಡ್ಡನ್ದು ಯಾಕ್ ನೋಡ್ಲಿ ಮೇಡಂ? ನಿಮ್ ಕಂಪ್ಯೂಟರ್‌ಗೆ ನಮ್ ಮಹದೇವಯ್ಯ ಮೇಷ್ಟ್ರು ಗೊತ್ತಿಲ್ಲ ಬುಡಿ!" ಅಂದೆ. 'ಶೇಷವನ್ನ ಒಂಟಿಯಾಗಿ ಬಿಡಬೇಡ್ರೋ, ಉತ್ತರಕ್ಕೇ ಕೂಡಿಸಿ' ಎಂದು ಊರ ಶಾಲೆಯಲ್ಲಿ ಅವರು ಕಲಿಸಿದ್ದನ್ನು ನಾವಿಬ್ಬರೂ ಮರೆತಿಲ್ಲ, ಅಷ್ಟೇ. ಹದಿನೇಳನ್ನು ಐದರಿಂದ ಭಾಗಿಸಿದರೆ ಮೂರು, ಶೇಷ ಎರಡು; ಕೂಡಿಸಿ ನಮಗೆ ಬರುವುದು ಐದೇ.

ಮೇಡಂ ನಗಲಿಲ್ಲ. "ಹಾಗಾದ್ರೆ ಅದೇ ಮೇಷ್ಟ್ರ ಹತ್ರ ಕಲಿತ ಇನ್ನೊಬ್ರನ್ನ ಕರ್ಕೊಂಡ್ ಬನ್ನಿ, ಬೇರೆ ರೂಮಲ್ಲಿ ಕೂರಿಸಿ ನೋಡೋಣ," ಎಂದರು. ನಾನು ಬಿಡುವವನೇ? ನಿನ್ನ ಹೆಸರು ಕೊಟ್ಟು ಬಂದಿದ್ದೇನೆ.

ನನ್ನ ಮಂಡಿನೋವು ವಾಸಿ, ಊಟಕ್ಕೂ ತೊಂದರೆಯಿಲ್ಲ. ಸೋಮವಾರ ಮೊದಲ ಬಸ್ಸಿಗೇ ಬಾ. ಬರುವ ಮುಂಚೆ ನಿನ್ನ ಮಗಳು ಸಿಂಚನಳ ಹತ್ತಿರ ಭಾಗಾಕಾರ ಸರಿಯಾಗಿ ಕಲಿತುಕೊಂಡು ನನ್ನ ಮಾನ ಕಳೆಯಬೇಡ ಕಣೋ.

ಅವಳ ದೊಡ್ಡಪ್ಪ,
ನಾಗೇಂದ್ರ