ಮನೆಯಲ್ಲಿ ಎಷ್ಟು ಮಕ್ಕಳು?

ಜಗಳೂರು
೧೫ ನವೆಂಬರ್ ೨೦೨೫, ಶನಿವಾರ ಸಂಜೆ

ನನ್ನ ಅವ್ವನಿಗೆ, ಯಶೂ ಮಾಡುವ ನಮಸ್ಕಾರ.

ಮಂಡಿನೋವು ಹೇಗಿದೆ? ಚಳಿ ಶುರುವಾಯಿತು, ಬೆಳಿಗ್ಗೆ ತಣ್ಣೀರಿಗೆ ಕೈಯಿಡಬೇಡ. ಪಾಪುವಿಗೆ ಹಲ್ಲು ಬರುತ್ತಿವೆ, ಅದರ ಜ್ವರ. ನನಗೆ ನಿದ್ದೆಯಿಲ್ಲ, ತೂಗುವ ಕೈ ನಿಂತರೆ ಅವಳು ಎದ್ದುಬಿಡುತ್ತಾಳೆ. ನಿನ್ನ ಅಳಿಯ ಡ್ಯೂಟಿ ಮೇಲೆ ಬಳ್ಳಾರಿಗೆ ಹೋಗಿದ್ದಾರೆ. ಈ ಕಾಲದಲ್ಲಿ ಕಾಗದವೇನು ಎಂದು ನಗಬೇಡ. ಕಂಡಕಂಡವರೆಲ್ಲ ಫೋನ್ ಮಾಡಿ "ಅದು ನಿಮ್ಮ ದನಿ ಏನ್ರೀ?" ಎಂದು ಕೇಳುತ್ತಾರೆಂದು ನೀನೇ ನಿನ್ನ ಫೋನ್ ಆಫ್ ಮಾಡಿ ಟ್ರಂಕಿಗೆ ಹಾಕಿದ್ದೀಯಂತೆ. ಅದಕ್ಕೇ ಇದನ್ನು ನಾಳೆ ನಮ್ಮ ಓಣಿಯ ಬಸ್ ಕಂಡಕ್ಟರ್ ಮುರುಗೇಶಪ್ಪನವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಬರೆಯುತ್ತಿರುವುದೂ ಆ ದನಿಯ ವಿಷಯವೇ. ಸೋಮವಾರ ನೀನು ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದ್ದೆಯಲ್ಲ: "ಯಶೂ, ಮಕ್ಕಳ ಕಳ್ಳರು ಬಂದಾರಂತೆ ಕಣೇ. ಇಬ್ರಿಬ್ರೇ ಬರ್ತಾರೆ, ಕೈಯಾಗೆ ಹಾಳೆ, ಪೆನ್ನು. ಮನ್ಯಾಗೆ ಎಷ್ಟು ಮಕ್ಕಳು ಅಂತ ಕೇಳ್ತಾರೆ. ಕಾಲೇಜಿನೋರು ಅಂತಾರೆ, ನಂಬಬ್ಯಾಡ. ಪಾಪುನ ಹೊರಗೆ ಬಿಡಬ್ಯಾಡ." ನನ್ನ ಮೇಲಿನ ಪ್ರೀತಿಗೆ ಹೇಳಿದ್ದು. ಅದನ್ನೇ ನೀನು ನೆಂಟರ ಗುಂಪಿಗೂ ಹಾಕಿದೆ. ಗುರುವಾರ ಕಾಲೇಜಿನಲ್ಲಿ ನಾನು ಪಾಠಕ್ಕೆ ಹೋದರೆ ಹಿಂದಿನ ಬೆಂಚಿನಿಂದ ನಿನ್ನ ದನಿ ಕೇಳಿಬಂತು. "ಕೇಳ್ರೀ ಮೇಡಂ, ಯಾವ್ದೋ ಅಜ್ಜಿ ಹೆಂಗೆ ಅಂಜಿಸ್ತೈತೆ!" ಎಂದು ಹುಡುಗರು ನಕ್ಕರು. ನಾನು ಪಾಠ ಅಲ್ಲಿಗೇ ನಿಲ್ಲಿಸಿದೆ.

ಏಕೆಂದರೆ ಹಿಂದಿನ ವಾರವಷ್ಟೇ ಅರ್ಥಶಾಸ್ತ್ರ ತರಗತಿಯ ಗುಂಪಿನಲ್ಲಿ ನಾನು ಹೀಗೊಂದು ಪ್ರಕಟಣೆ ಹಾಕಿದ್ದೆ: "ಮಕ್ಕಳಿಗಾಗಿ ಮನೆಯ ಖರ್ಚು, ಸಮೀಕ್ಷೆ. ಇಬ್ಬರಿಬ್ಬರಾಗಿ ಹೋಗಿ. ನಿಮ್ಮ ಗುರುತಿಲ್ಲದ ಊರನ್ನೇ ಆರಿಸಿಕೊಳ್ಳಿ. ಮೊದಲ ಪ್ರಶ್ನೆ: ಮನೆಯಲ್ಲಿ ಎಷ್ಟು ಮಕ್ಕಳು? ಮಾಡಿದವರಿಗೆ ಐದು ಹೆಚ್ಚುವರಿ ಅಂಕ." ಮೊದಲು ಹೋದವರು ವಿನಯ್ ಕುಮಾರ್ ಮತ್ತು ಅವನ ಗೆಳೆಯ, ಕಳೆದ ಭಾನುವಾರ, ಕತ್ತಲಗೆರೆಗೆ. ಎರಡನೇ ಮನೆಯಲ್ಲೇ ಮಕ್ಕಳ ಕಳ್ಳರೆಂದು ಕೂಗಾಟವಾಗಿ, ಚನ್ನಗಿರಿ ಬಸ್ಸು ಸಿಕ್ಕಿದ್ದರಿಂದ ಪಾರಾದರಂತೆ. ನಾಚಿಕೆಯಿಂದ ನನಗೆ ಹೇಳಿರಲಿಲ್ಲ. ನೀನು ಕೇಳಿದ ಕಳ್ಳರು ಅವರೇ ಅವ್ವ. ನನ್ನ ಪ್ರಕಟಣೆಯೇ ಊರೂರು ಸುತ್ತಿ ನಿನ್ನ ಬಾಯಿಂದ ನನಗೆ ವಾಪಸು ಬಂತು.

ಆವತ್ತೇ ಸಮೀಕ್ಷೆ ರದ್ದು ಎಂದು ಹಾಕಿದೆ. ನಿನ್ನೊಡನೆ ಮಾತಾಡಲೆಂದು ನಿನ್ನ ಪಕ್ಕದ ಮನೆಯ ಚಿಕ್ಕಹನುಮಂತಪ್ಪ ಮಾವನಿಗೆ ಫೋನ್ ಮಾಡಿದರೆ, "ಅಂಜಬ್ಯಾಡ ತಾಯಿ, ಬರ್ಲಿ ಅವ್ರು. ನಮ್ಮ ಹುಡುಗ್ರು ಬಸ್ ಸ್ಟ್ಯಾಂಡಿನಾಗೇ ಕುಂತಾರೆ" ಎಂದರು. ಅವರು ನನ್ನ ವಿದ್ಯಾರ್ಥಿಗಳು ಮಾವ ಎಂದೆ. "ಹಂಗೇ ಅಂತಾರಂತಲ್ಲ, ನಿಮ್ಮವ್ವನೇ ಹೇಳ್ಯಾಳೆ" ಎಂದು ನಕ್ಕು ಕಟ್ ಮಾಡಿದರು. ನನ್ನ ಮಾತು ಅಲ್ಲಿ ನಡೆಯುವುದಿಲ್ಲ. ನಿನ್ನದು ನಡೆಯುತ್ತದೆ. ಫೋನ್ ತೆಗೆದು, ಅದೇ ದನಿಯಲ್ಲಿ, ಅದು ಸುಳ್ಳು ಎಂದು ಹೇಳಿ ಎಲ್ಲರಿಗೂ ಕಳಿಸು.

ಮಾತ್ರೆ ತಪ್ಪಿಸಬೇಡ. ಪಾಪು ನಿನ್ನ ಹಳೇ ಸೀರೆಯ ಸೆರಗು ಬಾಯಲ್ಲಿಟ್ಟುಕೊಂಡು ಮಲಗಿದ್ದಾಳೆ. ಅವಳ ಪಾಲಿನ ಮುತ್ತು ಇದರ ಜೊತೆಗಿದೆ.

ನಿನ್ನ
ಯಶೋಧರಾ

ಭಾನುವಾರ ಬೆಳಿಗ್ಗೆ, ಅವಸರದಲ್ಲಿ: ಅವ್ವ, ರದ್ದಾಗಿದ್ದು ನನ್ನ ವಿದ್ಯಾರ್ಥಿನಿ ಸಂಧ್ಯಾರಾಣಿಗೆ ಮುಟ್ಟಿಲ್ಲ. ನನ್ನ ಮೆಸೇಜಿಗೆ ಇನ್ನೂ ಒಂದೇ ಟಿಕ್. ಅವಳ ಫೋನ್ ರಿಪೇರಿಗೆ ಹೋಗಿದೆಯಂತೆ, ಅವಳ ತಾಯಿ ಈಗ ಹೇಳಿದರು. ಅವಳೂ ಫೋನೇ ಇಲ್ಲದ ಗೆಳತಿ ಕಲ್ಪನಾಳೂ ಹೊನ್ನಾಳಿಯ ಅಜ್ಜಿ ಮನೆಯಲ್ಲಿ ಉಳಿದು, ಇವತ್ತು ನಮ್ಮ ಗೋವಿನಕೋವಿಗೇ ಬರುತ್ತಿದ್ದಾರೆ, "ಮೇಡಂ ಊರು, ಏನೂ ಭಯ ಇಲ್ಲ" ಎಂದುಕೊಂಡು. ಅಜ್ಜಿ ಮನೆಯಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ, ಚಿಕ್ಕಹನುಮಂತಪ್ಪ ಮಾವನೂ ಎತ್ತುತ್ತಿಲ್ಲ. ಪೊಲೀಸರಿಗೆ ಹೇಳಿದೆ, "ನೋಡ್ತೀವಿ ಮೇಡಂ" ಎಂದರು. ಕಾಗದ ಮೊದಲು ಬರುತ್ತದೋ, ಅವರೋ. ಈಗಲೇ ಬಸ್ ಸ್ಟ್ಯಾಂಡಿಗೆ ಹೋಗು. ಅವರು ಬಾಯಿ ಬಿಡುವ ಮೊದಲೇ ಇಬ್ಬರ ಕೈ ಹಿಡಿದು, ನಮ್ಮ ಮನೆ ಮಕ್ಕಳು ಎಂದು ಎಲ್ಲರಿಗೂ ಕೇಳುವಂತೆ ಕೂಗಿ ಹೇಳು. ಇದನ್ನು ಓದುವಾಗ ಆ ಕಡೆಯಿಂದ ಗದ್ದಲ ಕೇಳಿಸಿದರೆ, ಪೂರ್ತಿ ಓದಬೇಡ, ಓಡು ಅವ್ವ.