ಬಾಣಂತಿ ಕೋಣೆಯ ತಗಡು

೯ ಡಿಸೆಂಬರ್ ೧೯೭೪, ಬೆಳಿಗ್ಗೆ ೬

ಇವತ್ತೂ ಸೂರಿನಿಂದ ಹನಿ. ಕೌದಿ ಒದ್ದೆ, ಮಗುವಿನ ಕುಲಾವಿ ಒದ್ದೆ. ಹೆತ್ತು ಹತ್ತೊಂಬತ್ತು ದಿನ. ನನ್ನ ಅವ್ವ ಇಲ್ಲ. ಬಾಣಂತನ ಅತ್ತೆ ಉಚ್ಚಂಗೆಮ್ಮನವರದೇ. ರಾಮಗಿರಿಯಲ್ಲಿ ಮಳೆ ಬಿದ್ದು ತಿಂಗಳಾಯಿತು. ಇಬ್ಬನಿಗೆ ತಗಡು ಸೋರುತ್ತಿದೆ ಎಂದು ನಮ್ಮ ಮನೆಯವರು ನಿನ್ನೆ ಮೇಲೆ ಹತ್ತಿ ಮೊಳೆ ತೂತುಗಳಿಗೆಲ್ಲ ಡಾಂಬರು ಮೆತ್ತಿದರು. ಆದರೂ... ಕಿಟಕಿಗೆ ಅತ್ತೆ ಗೋಣಿಚೀಲ ತುರುಕಿದ್ದಾರೆ. ಬಿಸಿಲು ಕಂಡಿಲ್ಲ.

೧೧ ಡಿಸೆಂಬರ್

ತಿಳಿಯಿತು! ಮೂಲೆಯ ಒಲೆ ಮೇಲೆ ಹಂಡೆ ದಿನವಿಡೀ ಕುದಿಯುತ್ತದೆ. ಹಗ್ಗದ ಮೇಲೆ ಮಗುವಿನ ಒದ್ದೆ ಬಟ್ಟೆ, ಕೆಳಗೆ ಇದ್ದಿಲಿನ ಅಗ್ಗಿಷ್ಟಿಕೆ. ಆವಿಗೆ ಹೋಗಲು ದಾರಿಯಿಲ್ಲ. ತಣ್ಣನೆ ತಗಡಿಗೆ ತಾಗಿ ನೀರಾಗುತ್ತದೆ. ಮೂರನೇ ಕ್ಲಾಸಿಗೆ ನಾನೇ ಬಿಸಿನೀರಿಗೆ ತಟ್ಟೆ ಮುಚ್ಚಿ ತೋರಿಸಿದ ಪಾಠ. ಅತ್ತೆಗೆ ಹೇಳಿದೆ.

"ನಿನ್ನ ಟೀಚರಗಿರಿ ಇಸ್ಕೂಲಾಗಿಟ್ಕ."

೧೨, ಮಧ್ಯಾಹ್ನ

ನರ್ಸ್ ಜಯಕ್ಕ ಬಂದಿದ್ದರು. ಬೂಷ್ಟು ಹಿಡಿದ ಗೋಡೆ ಮುಟ್ಟಿ ಕೈ ಒರೆಸಿಕೊಂಡರು. "ಉಚ್ಚಂಗೆಮ್ಮಾರೆ, ಹಂಡೆ ಹೊರಗಿಡ್ರಿ. ಬಿಸಿಲೇರಿದ ಮ್ಯಾಲೆ ಒಂದು ತಾಸು ಕಿಟಕಿ ತೆಗೀರಿ. ಇದ್ದಿಲ ಹೊಗೆ ಕೂಸಿಗೆ ವಿಷ ಐತೆ."

ಅತ್ತೆ ಕಿಟಕಿಗೆ ಅಡ್ಡ ನಿಂತರು. "ನನ್ನ ಚೊಚ್ಚಲು ಕೂಸು ಥಂಡಿಗಾಳಿ ಹೊಡ್ದು ಹೋತು. ಇದ್ನೂ ಕಳ್ಕಳ್ಳಲಾ?"

ಮನೆಯವರು ತಲೆ ತಗ್ಗಿಸಿ ರೈಲ್ವೆ ಸ್ಟೇಷನ್ ಡ್ಯೂಟಿಗೆ ಹೋದರು.

೧೭ ಡಿಸೆಂಬರ್

ಬರೆಯಲು ಆಗಿರಲಿಲ್ಲ. ಮಗುವಿಗೆ ಕೆಮ್ಮು, ಎದೆ ಗೊರಗೊರ. ನನಗೂ ತಲೆಸುತ್ತು. ಅತ್ತೆ ಇನ್ನೊಂದು ಬುಟ್ಟಿ ಇದ್ದಿಲು ತಂದರು.

೧೮, ಹನ್ನೆರಡೂವರೆ

ಬೆಳಿಗ್ಗೆ ಮಗು ಮೊಲೆ ಹಿಡಿಯಲಿಲ್ಲ. ತುಟಿ ಬಣ್ಣಗೆಟ್ಟಿತ್ತು. ಅತ್ತೆ ನೀರಿಗೆ ಹೋದಾಗ ಅಗ್ಗಿಷ್ಟಿಕೆ ಹೊರಗೆ ತಳ್ಳಿ, ಒಳಗಿಂದ ಚಿಲಕ ಹಾಕಿದೆ. ಒಲೆ ಆರಿಸಿದೆ. ಗೋಣಿ ಕಿತ್ತೆ. ಬೆಳಕು... ಕಣ್ಣು ಬಿಡಲಾಗಲಿಲ್ಲ.

ಅತ್ತೆ ಬಂದು ಬಾಗಿಲು ಬಡಿದರು. "ಏಕಾಂತೀ, ತೆಗಿಯೇ! ಕೂಸ್ನ ಕೊಲ್ತೀಯ!"

ತೆಗೆಯಲಿಲ್ಲ. ಅವರ ಮಾತೇ ನಿಜವಾದರೆ?

ಸದ್ದು ನಿಂತಿತು. ಕಿಟಕಿಯಾಚೆ ಬಂದರು. ಬೈಯುತ್ತಾರೆ ಅಂದುಕೊಂಡೆ. ಕಂಬಳಿ ಹೊದ್ದು, ಗಾಳಿಗೆ ಅಡ್ಡವಾಗಿ ಬೆನ್ನು ಕೊಟ್ಟು, ಸರಳು ಹಿಡಿದು ನಿಂತರು.

"ಉಸ್ರು ಹೆಂಗೈತೆ?"

ಮಗುವನ್ನು ಸರಳಿನ ಹತ್ತಿರ ಹಿಡಿದೆ. ಕಿವಿಯಿಟ್ಟು ಕೇಳಿದರು. ಬಹಳ ಹೊತ್ತು.

ಈಗ ಮಗು ಮೊಲೆ ಕಚ್ಚಿದೆ. ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ಅತ್ತೆ ಅಲ್ಲೇ ಇದ್ದಾರೆ.

"ಜಯಕ್ಕನ್ನ ಕರ್ಸಾಣ. ಚಿಲಕ ತೆಗಿ."

"ಕಿಟಕಿ ಮುಚ್ಚಲ್ಲ ಅನ್ರಿ."

ನೆಲದ ಮೇಲಿದ್ದ ಗೋಣಿಯತ್ತ ನೋಡಿದರು.

"ಮುಚ್ಚಲ್ಲ ಕಣೆ. ಮುಚ್ಚಿದ್ರೆ ನನ್ನೇ ಒಳಗ್ಹಾಕಿ ಚಿಲಕ ಹಾಕು."

ಅಳುತ್ತಿದ್ದಾರೆ. ಏಳಬೇಕು, ಬಾಗಿಲು—