ಎರಡಡಿ ಮೇಲೆ ಹೋದ ಗೆರೆ

ಜುಲೈ ೧೯, ಶನಿವಾರ

ನದಿ ಇಳಿಯುತ್ತಿದೆ, ನನ್ನ ಕೋಪ ಇಳಿಯುತ್ತಿಲ್ಲ.

ಸಂಜೆ ಅಣ್ಣನ ದೋಣಿ ಹನ್ನೊಂದು ಜನರ ಸಮೇತ ನಡುನೀರಿನಲ್ಲಿ ಗಿರ್ರನೆ ತಿರುಗಿ, ಹೇಗೋ ದಡ ಸೇರಿತು. ಬೈಯಲೆಂದೇ ಓಡಿದೆ.

"ಗೆರೆ ನೋಡೇ ದೋಣಿ ಬಿಟ್ಟೆ ಕಣೇ. ಕಣ್ಣಳತೆ ನಂಬಬೇಡ, ಗೆರೆ ನಂಬು ಅಂತ ನೀನೇ ಹೇಳಿದ್ದಲ್ವಾ?" ಎಂದ, ಒದ್ದೆ ಅಂಗಿ ಹಿಂಡುತ್ತ.

ತಿರುಗಿ ನೋಡಿದೆ. ದಿನಾ ನಾನು ನೀರಿನ ಮಟ್ಟ ಓದಿ ಬರೆಯುವ ಅಳತೆಗಂಬ. ಮಧ್ಯಾಹ್ನ ಹೊಸ ಬಣ್ಣ ಬಳಿದವರು, ನೀರು ಮುಟ್ಟಿದರೆ ದೋಣಿ ನಿಲ್ಲಿಸಬೇಕಾದ ಕೆಂಪು ಗೆರೆಯನ್ನು ಎರಡಡಿ ಮೇಲೆ ಎಳೆದಿದ್ದರು.

ನಮ್ಮ ಕಚೇರಿಯ ಸಾಹೇಬರಿಗೆ ಫೋನ್ ಮಾಡಿದೆ. "ಸ್ವಲ್ಪ ನೀರು ಬಂದ್ರೂ ದೋಣಿ ನಿಲ್ಲತ್ತೆ ಅಂತ ಜನ ಬೈತಾರಮ್ಮ. ನಾನೇ ಮೇಲೆ ಹಾಕಿಸ್ದೆ."

"ನದಿಗೆ ತಿಳಿಸಿದ್ರಾ ಸಾರ್?"

ನಕ್ಕರು.

ಅಣ್ಣನ ಅಂಗಿ ಹಗ್ಗದ ಮೇಲೆ ಇನ್ನೂ ತೊಟ್ಟಿಕ್ಕುತ್ತಿದೆ. ಬೆಳಗ್ಗೆ ಆ ಗೆರೆಯನ್ನು ಉಗುರಿನಿಂದಲಾದರೂ ಕೆರೆದು ಹಾಕುತ್ತೇನೆ. ನಂಬು ಎಂದವಳು ನಾನು.